ದಂಡೆ ಸೊಸೆಯ ದೋಣಿ

ನಮ್ಮ ಮನೆಯಲ್ಲಿ ನೀರಿನ ವಿಷಯಕ್ಕೆ ಎರಡು ಪಕ್ಷಗಳಿದ್ದವು. ಅಪ್ಪ ಹೊನ್ನಾಳಿಯವನು, ಹೊಳೆದಂಡೆಯ ಮೇಲೆ ಬೆಳೆದವನು. ಅವನಿಗೆ ಕೈ ತೊಳೆಯಲು ಒಂದು ಬಕೆಟ್ ಬೇಕು, ಆ ಬಕೆಟ್ ತೊಳೆಯಲು ಇನ್ನೊಂದು ಬಕೆಟ್. ಅವ್ವ ಜಗಳೂರು ಕಡೆಯವಳು. ಅಕ್ಕಿ ತೊಳೆದ ನೀರಲ್ಲಿ ಸೊಪ್ಪು ತೊಳೆದು, ಸೊಪ್ಪು ತೊಳೆದ ನೀರಲ್ಲಿ ಪಾತ್ರೆಯ ಜಿಡ್ಡು ಬಿಡಿಸಿ, ಅದನ್ನೂ ಒಯ್ದು ಹಿತ್ತಲ ಕರಿಬೇವಿನ ಗಿಡಕ್ಕೆ ಹಾಕಿ, ಗಿಡ ಪೂರ್ತಿ ಕುಡಿಯಿತೋ ಇಲ್ಲವೋ ಎಂದು ನಿಂತು ನೋಡುವವಳು. ಇಬ್ಬರೂ ಮದುವೆಯಾಗಿ ಸಂತೇಬೆನ್ನೂರಲ್ಲಿ ಮನೆ ಮಾಡಿದರು. ಪ್ರವಾಹಕ್ಕೂ ಬರಕ್ಕೂ ಹುಟ್ಟಿದ ಒಬ್ಬಳೇ ಮಗಳು ನಾನು. ಹಾಗಾಗಿ ನನ್ನ ಬುದ್ಧಿ ಒಮ್ಮೆ ಉಕ್ಕುತ್ತದೆ, ಒಮ್ಮೆ ಬತ್ತುತ್ತದೆ. ಹದವಾಗಿ ಹರಿದದ್ದನ್ನು ಕಂಡವರು ಯಾರೂ ಇಲ್ಲ. ಊಟಕ್ಕೆ ಕೂತರೆ ಜಗಳ ಮುದ್ದೆಯಿಂದ ಶುರುವಾಗುತ್ತಿರಲಿಲ್ಲ, ಮುದ್ದೆ ಮುಗಿದ ಮೇಲೆ ಅಪ್ಪ ಚೊಂಬು ಎತ್ತಿದಾಗ ಶುರುವಾಗುತ್ತಿತ್ತು.

"ಸಾಕು ಸಾಕು. ಕೈ ಅದು, ಎಮ್ಮೆ ಅಲ್ಲ."

"ನಮ್ಮೂರಾಗೆ ಎಮ್ಮೆನೂ ನಿಮ್ಮೋರಿಗಿಂತ ಚಂದಾಗಿ ಮೀತೈತೆ ಕಣೇ."

"ಮೀಯಾಕೆ ಬಂದ್ರೆ ಆತಾ? ಎಮ್ಮೆನೇ ಮದುವೆ ಆಗಬೇಕಿತ್ತು."

ಇಷ್ಟು ಹೊತ್ತಿಗೆ ಮೂಲೆಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಅವ್ವನ ತಾಯಿ, ತನ್ನ ತಟ್ಟೆಯಲ್ಲಿ ಮೂರೇ ಹನಿ ನೀರಿನಲ್ಲಿ ಕೈ ತೊಳೆದು ತೋರಿಸಿ ಮಗಳ ಪಕ್ಷಕ್ಕೆ ಓಟು ಹಾಕುತ್ತಿದ್ದಳು. ಮಾತು ಇನ್ನೂ ಏರಿದರೆ ನಾನು ಮಜ್ಜಿಗೆ ಲೋಟ ಮಡಿಲಿಗೆ ಬೀಳಿಸಿಕೊಳ್ಳುತ್ತಿದ್ದೆ. ಮೂವರೂ ನಗುತ್ತಿದ್ದರು, ಜಗಳ ನಿಲ್ಲುತ್ತಿತ್ತು. ಬೇಕೆಂದೇ ಬೀಳಿಸಿದ್ದು ಅರ್ಧ, ಬೇಡವೆಂದರೂ ಬಿದ್ದದ್ದು ಅರ್ಧ. ಯಾವುದು ಯಾವುದೆಂದು ನನಗೇ ಗೊತ್ತಿರಲಿಲ್ಲ. ಇವತ್ತು ಮದುವೆ ಮನೆಗಳಲ್ಲಿ ಮೈಕ್ ಹಿಡಿದು ಜನರನ್ನು ನಗಿಸುವುದೇ ನನ್ನ ಕೆಲಸ. ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಮಜ್ಜಿಗೆಯ ತಂಪು.

ಅವ್ವನಿಗೆ ನೀರು ಕಂಡರೆ ಭಕ್ತಿ, ಜಾಸ್ತಿ ನೀರು ಕಂಡರೆ ಭಯ. ಅವಳು ಮದುವೆಯಾಗಿ ಹೊನ್ನಾಳಿಗೆ ಬಂದ ಮರುದಿನ ಬೆಳಿಗ್ಗೆ ಗಂಗಮ್ಮನ ಪೂಜೆಗೆಂದು ಹೊಳೆಗೆ ಕರೆದುಕೊಂಡು ಹೋಗಿದ್ದರಂತೆ. ಪೂಜೆ ಮುಗಿಸಿ ಹೊಸ ಸೊಸೆ ಗಂಡನ ಜೊತೆ ತೆಪ್ಪದಲ್ಲಿ ಒಂದು ಸುತ್ತು ಬರುವುದು ಆ ಮನೆಯ ರೂಢಿ. ತೆಪ್ಪವೆಂದರೆ ಬಿದಿರಿನ ದೊಡ್ಡ ದುಂಡು ಬುಟ್ಟಿ. ನೀರಿಗೆ ಇಳಿದದ್ದೇ ಗಿರಗಿರ ತಿರುಗುತ್ತದೆ. ತುಂಬಿದ ಹೊಳೆಯನ್ನೂ ತಿರುಗುವ ಬುಟ್ಟಿಯನ್ನೂ ಒಟ್ಟಿಗೆ ನೋಡಿದ ಅವ್ವ ದಂಡೆಯ ಮೇಲೆ ಒಂದು ಬಂಡೆಯನ್ನು ತಬ್ಬಿಕೊಂಡು ಕೂತುಬಿಟ್ಟಳಂತೆ. ಎಬ್ಬಿಸಿದರೂ ಏಳಲಿಲ್ಲ. ಕೊನೆಗೆ ಅಪ್ಪನ ಅಕ್ಕ, ನಮ್ಮ ಅತ್ತೆ, ಚೊಂಬಿನಲ್ಲಿ ಹೊಳೆ ನೀರು ತಂದು ಅವ್ವನ ಅಂಗೈಗೆ ಹುಯ್ದು, ಪೂಜೆಯನ್ನು ದಂಡೆಯ ಮೇಲೇ ಮುಗಿಸಿದಳು. ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಅವ್ವನಿಗೆ ಆ ಊರಲ್ಲಿ ಉಳಿದ ಹೆಸರು 'ದಂಡೆ ಸೊಸೆ'. ವರ್ಷಗಳಾದ ಮೇಲೂ ಹಬ್ಬಕ್ಕೆ ಹೋದರೆ ಹಾಗೇ ಕರೆಯುತ್ತಿದ್ದರು. ಅವ್ವ ಮುಖದಲ್ಲಿ ನಗು ಇಟ್ಟುಕೊಂಡೇ ಕೇಳಿಸಿಕೊಂಡು, ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು.

ಅಪ್ಪ ಬಡಗಿ. ಬಾಗಿಲು, ಕಿಟಕಿ, ಮಂಚ ಮಾಡುವವನು. ನಾನು ಏಳನೆಯ ಕ್ಲಾಸಿಗೆ ಹೋಗುತ್ತಿದ್ದಾಗ ಅವನ ಕೈಗೆ ಒಂದು ಸ್ಮಾರ್ಟ್ ಫೋನ್ ಬಂತು, ಅದರೊಳಗೆ ಒಬ್ಬ ಗಡ್ಡದವನು ಬಂದ. ಯಾವ ದೇಶದವನೋ ಗೊತ್ತಿಲ್ಲ. ಮನೆಯ ಹಿಂದೆ ಒಬ್ಬನೇ ನಿಂತು ಮರದ ಹಾಯಿದೋಣಿ ಕಟ್ಟುತ್ತಿದ್ದ. ಅವನ ಭಾಷೆ ಅಪ್ಪನಿಗೆ ತಿಳಿಯುತ್ತಿರಲಿಲ್ಲ, ಅವನ ಉಳಿ ತಿಳಿಯುತ್ತಿತ್ತು. ಊಟ ಮಾಡುತ್ತಾ ನೋಡುವನು, ಹಲ್ಲುಜ್ಜುತ್ತಾ ನೋಡುವನು. ಒಂದು ದಿನ ಪಡಸಾಲೆಯಲ್ಲಿದ್ದ ಮಂಚಗಳನ್ನೆಲ್ಲ ಗೋಡೆಗೆ ಒರಗಿಸಿ ಹಲಸಿನ ಹಲಗೆ ತಂದು ಹಾಕಿದ. ಅವ್ವ ಆ ಸಾಹೇಬನಿಗೆ 'ನಿಮ್ಮ ಗಡ್ಡದ ಗುರು' ಎಂದು ಹೆಸರಿಟ್ಟಳು. ದೋಣಿ ಬೆಳೆಯುತ್ತಾ ಬೆಳೆಯುತ್ತಾ ಪಡಸಾಲೆ ತುಂಬಿ, ಅದರ ಮೂತಿ ಅಡುಗೆಮನೆಯ ಬಾಗಿಲೊಳಗೆ ಬಂತು. ಅವ್ವ ಆ ಮೂತಿಗೆ ಈರುಳ್ಳಿ ಬುಟ್ಟಿ ತೂಗುಹಾಕಿದಳು. ಬಂದ ನೆಂಟರು ಒಳಗೆ ಹೋಗಬೇಕಾದರೆ ದೋಣಿ ಹತ್ತಿ ಇಳಿಯಬೇಕಿತ್ತು. ನಾನು ಅದರೊಳಗೇ ಕೂತು ಹೋಂವರ್ಕ್ ಮಾಡಿದೆ. ಲೆಕ್ಕದಲ್ಲಿ ಮುಳುಗಿದೆ, ಅದು ದೋಣಿಯ ತಪ್ಪಲ್ಲ. ದೋಣಿ ಮನೆಯಿಂದ ಹೊರಗೆ ಬರುವುದಿಲ್ಲ ಎಂದು ಬೀದಿಯವರೆಲ್ಲ ಆಸೆಯಿಂದ ಕಾದಿದ್ದರು. ಪಾಪ, ಬಾಗಿಲು ಮಾಡುವವನ ಮನೆ ಅದು. ಅಪ್ಪ ಮೊದಲು ಬಾಗಿಲು ಅಳೆದು ಆಮೇಲೆ ದೋಣಿಗೆ ಗೀಟು ಹಾಕಿದ್ದ.

ಒಂದು ಮಧ್ಯಾಹ್ನ ನಾನು ಹಲಗೆಯ ತುದಿ ಹಿಡಿದುಕೊಂಡಿದ್ದೆ. ಅಪ್ಪ ಅದನ್ನು ನಯ ಮಾಡಲು ತೋಪಡಾ ಹೊಡೆಯುತ್ತಾ ಇದ್ದಕ್ಕಿದ್ದಂತೆ ಹೇಳಿದ:

"ಅವತ್ತು ಹೊಳೆದಂಡೆ ಮ್ಯಾಲೆ ಎಲ್ಲಾರೂ ನಕ್ರಲ್ಲ, ನಾನೂ ನಕ್ಕಿದ್ದೆ ಕಣೇ ರೂಪಿ. ಪಕ್ಕದಾಗೆ ನಿಂತ್ಕಂಡು ನಕ್ಕಿದ್ದೆ."

ಹಲಗೆಯ ಮೇಲಿನ ಹೊಟ್ಟು ಊದಿ ಮಾತು ಮುಂದುವರಿಸಿದ.

"ತೆಪ್ಪ ಸುತ್ತತೈತೆ. ಸುತ್ತಿದ್ರೆ ಯಾರಿಗಾದ್ರೂ ತಲೆ ತಿರುಗ್ತೈತೆ. ಇದು ಹಂಗಲ್ಲ, ನೆಟ್ಟಗೆ ಹೋಗ್ತೈತೆ. ನೀರಿಗೆ ಬಿಡೋ ದಿನ ನಿಮ್ಮವ್ವ ಇದರಾಗೆ ಕೂರಬೇಕು. ಅಕಿ ಕೂರಲಿಲ್ಲಾಂದ್ರೆ ಇದು ದೋಣಿ ಅಲ್ಲ, ದನ ನೀರು ಕುಡಿಯೋ ತೊಟ್ಟಿ. ಇದನ್ನ ಹೊಟ್ಟೆಯಾಗೆ ಇಟ್ಕ."

ಹೊಟ್ಟೆಯಲ್ಲಿ ಇಟ್ಟುಕೊಂಡೆ. ಪಡಸಾಲೆಯಿಂದ ಅಡುಗೆಮನೆಗೆ ಹೋಗುವಷ್ಟು ಹೊತ್ತು. ಅವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿದಳು, ತೊಟ್ಟಿಯ ಮಾತಿನ ಸಮೇತ. ಒಂದು ಸೌದೆ ಒಳಗೆ ತಳ್ಳಿದಳು.

"ನಕ್ಕಿದ್ದು ನಂಗೂ ಗೊತ್ತೈತೆ. ಕೂರಂಗಿಲ್ಲ ಅಂತ ಹೇಳು ಹೋಗು."

ನಾನು ಹೋಗಿ ಹೇಳಿದೆ. ಅಪ್ಪ ತೋಪಡಾ ನಿಲ್ಲಿಸಲಿಲ್ಲ. ಅಲ್ಲಿಂದ ದೋಣಿಯ ಕೆಲಸ ಮುಗಿಯುವವರೆಗೂ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದ ಪ್ರಶ್ನೆ ಅದೊಂದೇ: ಅವ್ವ ಕೂರುತ್ತಾಳಾ?

ಕಟ್ಟುವುದಕ್ಕಿಂತ ಮುಗಿಸುವುದು ಕಷ್ಟ ಎಂದು ಅಪ್ಪನಿಗೆ ಆಮೇಲೆ ತಿಳಿಯಿತು. ಕಟ್ಟುವಾಗ ಅವನು ಒಬ್ಬನೇ ಇದ್ದ, ಮುಗಿಸುವಾಗ ನಾನಿದ್ದೆ. ಮೊದಲು ಹಲಗೆಗಳ ಸಂದು ತುಂಬಬೇಕಿತ್ತು. ಗಡ್ಡದ ಗುರು ಅದೇನೋ ದಪ್ಪ ದಾರವನ್ನು ಸಂದಿಗೆ ಬಡಿಯುತ್ತಿದ್ದ. ಅದು ಎಲ್ಲಿ ಸಿಗಬೇಕು? ಅಜ್ಜಿ ಕನ್ನಡಕ ಏರಿಸಿ ಫೋನ್ ನೋಡಿ, "ಹತ್ತಿ ಬತ್ತಿ ಅಲ್ಲೇನೋ ಅದು?" ಅಂದಳು. ದೇವರ ದೀಪಕ್ಕೆ ಬತ್ತಿ ಹೊಸೆಯುವುದೇ ಅವಳ ದಿನದ ಕೆಲಸ. ಮೊಣಕಾಲ ಮೇಲೆ ಹತ್ತಿ ಇಟ್ಟು ಅಂಗೈಯಲ್ಲಿ ಒಮ್ಮೆ ಉಜ್ಜಿದರೆ ಬತ್ತಿ. ಈಗ ದೀಪಕ್ಕೆ ಹೊಸೆದಂತೆ ದೋಣಿಗೆ ಹೊಸೆದಳು, ಮಾರುದ್ದದ ಬತ್ತಿಗಳು. ಒಂದೊಂದನ್ನೂ ಕಣ್ಣಿಗೆ ಒತ್ತಿಕೊಂಡು ಕೊಡುವಳು, ಅಪ್ಪ ಉಳಿ ಇಟ್ಟು ಸಂದಿಗೆ ತುಂಬುವನು. ಅದರ ಮೇಲೆ ಹಚ್ಚಲು ರಾಳವನ್ನು ಎಣ್ಣೆಯಲ್ಲಿ ಕಾಯಿಸುವ ಕೆಲಸ ನನಗೆ ಬಂತು. ಯಾವ ಪಾತ್ರೆ ಎಂದು ಯಾರೂ ಹೇಳಿರಲಿಲ್ಲ. ಕೈಗೆ ಸಿಕ್ಕಿದ್ದು ಅವ್ವನ ಒಗ್ಗರಣೆ ಸೌಟು. ಆ ಸೌಟನ್ನು ಬೂದಿ, ಹುಣಸೆಹಣ್ಣು, ಇಟ್ಟಿಗೆ ಪುಡಿ ಎಲ್ಲದರಲ್ಲೂ ತಿಕ್ಕಿದೆವು. ಆದರೂ ಆ ಬೇಸಿಗೆ ಪೂರ್ತಿ ನಮ್ಮ ಮನೆಯ ಬೇಳೆಸಾರು ಪೂಜೆಯ ಧೂಪದ ಘಮ ಹೊಡೆಯಿತು.

"ಉಣ್ರಿ ಉಣ್ರಿ," ಅವ್ವ ಅಪ್ಪನ ಮುದ್ದೆಯ ಮೇಲೆ ಸಾರು ಹುಯ್ಯುತ್ತಾ ಅನ್ನುತ್ತಿದ್ದಳು, "ಹೊಟ್ಟೆಯಾಗೆ ಎಲ್ಲಾದ್ರೂ ಸಂದು ಇದ್ರೆ ಮುಚ್ಕತೈತೆ."

ಹಾಯಿ ಹೊಲಿಯಲು ಮಾತ್ರ ಅವ್ವ ಒಪ್ಪಿದಳು. ಹೊಲಿಯುವುದು ಬೇರೆ, ಹತ್ತುವುದು ಬೇರೆ ಎಂದು ಮೊದಲೇ ಹೇಳಿಬಿಟ್ಟಳು. ಅವಳು ಬ್ಲೌಸ್ ಹೊಲಿಯುವವಳು. ಅರ್ಧ ಸಂತೇಬೆನ್ನೂರಿನ ಹೆಂಗಸರ ಅಳತೆ ಅವಳ ಬಾಯಲ್ಲೇ ಇತ್ತು. ಬಟ್ಟೆಗೆ ನ್ಯಾಮತಿಯಿಂದ ಮಾವ, ಅದೇ ಅತ್ತೆಯ ಗಂಡ, ಒಂದು ಹಳೇ ಶಾಮಿಯಾನ ತಂದುಕೊಟ್ಟ. ಕೆಂಪು ಹಳದಿ ಪಟ್ಟೆ, ಅಂಚಿಗೆ ಜಾಲರಿ. ಅಪ್ಪ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹಾಯಿಯ ಚಿತ್ರ ಬರೆದ. ಟೇಪು ಹಿಡಿದು ಉದ್ದ ಅಳೆದು ಹೇಳುವುದು ನನ್ನ ಪಾಲು. ಟೇಪಿಗೆ ಎರಡು ತುದಿ ಇರುತ್ತವೆ, ಅದರಲ್ಲಿ ಒಂದು ತಪ್ಪು ತುದಿ ಎಂಬುದನ್ನು ನಾನು ಅವತ್ತು ಕಂಡುಹಿಡಿದೆ. ಹಾಯಿ ತಯಾರಾಗಿ ಕಂಬಕ್ಕೆ ಏರಿಸಿ ನೋಡಿದರೆ ಕೆಳಗಿನ ಅರ್ಧ ನೆಲದ ಮೇಲೆ ಸೆರಗಿನ ಹಾಗೆ ಬಿದ್ದಿತ್ತು. ನಾನು ಮಂಚಗಳ ಹಿಂದೆ ಅಡಗಿದೆ. ಬೈಗುಳ ಬರಲಿಲ್ಲ. ಗರಗಸದ ಸದ್ದು ಬಂತು. ಇಣುಕಿ ನೋಡಿದರೆ ಅಪ್ಪ ಇನ್ನೂ ಉದ್ದದ ಬಿದಿರು ತಂದು ಹೊಸ ಕಂಬ ಕೊಯ್ಯುತ್ತಿದ್ದ.

"ಹಾಯಿ ಉದ್ದ ಆಗಿಲ್ಲ. ಕಂಬ ಗಿಡ್ಡ ಆಗಿತ್ತು. ಬಾ, ಈ ಕಡೆ ಹಿಡ್ಕ."

ಬೇರೆ ಮನೆಗಳಲ್ಲಿ ಮಕ್ಕಳ ತಪ್ಪು ತಿದ್ದುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ತಪ್ಪಿಗೆ ಹೊಂದುವ ಹಾಗೆ ಉಳಿದ ಲೋಕವನ್ನು ತಿದ್ದುತ್ತಿದ್ದರು. ಬಣ್ಣ ಬಳಿಯುವಾಗಲೂ ಹೀಗೇ ಆಯಿತು. ಹಿಂಭಾಗದಲ್ಲಿ ಒಂದು ಹೆಸರು ಬರಿ ಎಂದು ಅಪ್ಪ ಬ್ರಶ್ ಕೊಟ್ಟ. ಯಾವ ಹೆಸರು ಎಂದು ಕೇಳುವಷ್ಟು ತಾಳ್ಮೆ ನನಗೆಲ್ಲಿ? ಗಾಡಿಗಳ ಹಿಂದೆ ಏನು ಬರೆದಿರುತ್ತದೆ ಎಂದು ಯೋಚಿಸಿ, ನಾಲಿಗೆ ಕಚ್ಚಿಕೊಂಡು, ದಪ್ಪ ಅಕ್ಷರದಲ್ಲಿ 'ಹಾರ್ನ್ ಮಾಡಿ' ಎಂದು ಬರೆದೆ. ನೀರಿಗೆ ಬಿಡಬೇಕೆಂದಿದ್ದ ಇಡೀ ಸೂಳೆಕೆರೆಯಲ್ಲಿ ನಮ್ಮದೊಂದೇ ದೋಣಿ, ಹಿಂದಿನಿಂದ ಯಾರು ಬಂದು ಹಾರ್ನ್ ಮಾಡಬೇಕು? ಮಾವ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಮುಂದಿನ ಸಲ ಬರುವಾಗ ಹಳೇ ಆಟೋದ ರಬ್ಬರ್ ಹಾರ್ನ್ ಒಂದನ್ನು ತಂದು ದೋಣಿಗೆ ಸ್ಕ್ರೂ ಹಾಕಿ ಕೂರಿಸಿದ. "ಬರೆದ ಮ್ಯಾಲೆ ಇರಬೇಕಲ್ಲವ್ವ," ಅಂದ. ಅಕ್ಷರ ಅಳಿಸುವ ಮಾತೇ ಬರಲಿಲ್ಲ.

ಎಲ್ಲ ಮುಗಿಯಿತು. ಇನ್ನು ಸೂಳೆಕೆರೆಗೆ ಒಯ್ದು ನೀರಿಗೆ ಬಿಡುವುದೊಂದೇ ಬಾಕಿ. ಯಾರನ್ನು ಕೇಳಬೇಕೋ ಅವರನ್ನು ಕೇಳಿ ಆಗಿತ್ತು, ಮಾವನ ಟ್ರ್ಯಾಕ್ಟರ್ ಹೇಳಿ ಆಗಿತ್ತು. ಅವ್ವನನ್ನು ಮಾತ್ರ ಯಾರೂ ಕೇಳಿರಲಿಲ್ಲ. ಊಟದ ಹೊತ್ತಿಗೆ ಅಪ್ಪ ತಟ್ಟೆ ನೋಡಿಕೊಂಡು ಶುರು ಮಾಡಿದ.

"ಭಾನುವಾರ ಎಲ್ಲಾರೂ ಬರ್ತಾರೆ. ನ್ಯಾಮತಿಯಿಂದ ಅಕ್ಕನೂ ಬರ್ತಾಳೆ."

"ಬರ್ಲಿ."

"ನೀನು…"

"ನಮ್ಮೂರಾಗೆ ಸಂತೆಯಾಗೆ ಗಡಿಗೆ ತಗಂತೀವಲ್ಲ," ಅವ್ವ ಅವನ ಮಾತು ಕಡಿದಳು, "ಬಾರ್ಸಿ ನೋಡಾದು ಆಮ್ಯಾಲೆ. ಮೊದ್ಲು ನೀರು ತುಂಬಿ ಇಡ್ತೀವಿ. ಹೊರಗೆ ಒಂದು ಹನಿ ಬೆವರಿದ್ರೂ ವಾಪಸು. ಒಳಗಿನ ನೀರನ್ನ ಒಳಗೇ ಇಟ್ಕಳಾಕೆ ಬರಲ್ಲ ಅಂದ್ರೆ, ಹೊರಗಿನ ನೀರನ್ನ ಹೊರಗೆ ಹೆಂಗೆ ಇಟ್ಕತೈತೆ? ನಿಮ್ಮ ದೋಣಿಗೆ ಬೆಳಿಗ್ಗೆ ನೀರು ತುಂಬ್ರಿ. ಸಂಜೀಗೆ ಗೀಟು ಬಿಟ್ಟು ಇಳೀದಿದ್ರೆ ಕೂರ್ತೀನಿ. ಇಳಿದ್ರೆ ದಂಡೆ ಸೊಸೆ ಅಂತನೇ ಕರೀರಿ, ಬ್ಯಾಸರ ಇಲ್ಲ."

ಅಪ್ಪನ ಮುಖ ಹಬ್ಬವಾಯಿತು. ಹೊಸ ಗಾಡಿಯ ಗಾಲಿಗಳನ್ನು ಹಿಂದೆಲ್ಲ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು, ಮರ ನೀರು ಕುಡಿದು ಉಬ್ಬಿ ಸಂದು ಬಿಗಿಯಾಗಲಿ ಎಂದು. ದೋಣಿಯೂ ಹಾಗೇ ಕುಡಿಯಬೇಕು ಎಂದು ಅವನಿಗೆ ಮೊದಲೇ ಅನ್ನಿಸಿತ್ತು. ಆದರೆ ಜಗಳೂರಿನವಳ ಮುಂದೆ ಅಷ್ಟು ನೀರು ಕೇಳುವ ಧೈರ್ಯ ಯಾರಿಗೆ? ಈಗ ಅವಳೇ ಕೊಡುತ್ತೇನೆ ಅಂದಿದ್ದಳು. ನಲ್ಲಿ ನೀರು ಬಂದ ದಿನ ದೋಣಿಯನ್ನು ಬೀದಿಗೆ ತಂದು, ಮರಳು ಚೀಲಗಳ ಮೇಲೆ ಕೂರಿಸಿ, ಕೊಡ ಕೊಡವಾಗಿ ತುಂಬಿದೆವು. ಒಂದು ಗೇಣು ಏರಿತು. ಅವ್ವ ಅಪ್ಪನ ಕಿವಿಯ ಮೇಲಿದ್ದ ಪೆನ್ಸಿಲ್ ಕಿತ್ತುಕೊಂಡು, ನೀರಿನ ಮಟ್ಟಕ್ಕೆ ಸರಿಯಾಗಿ ಒಳಗೋಡೆಗೆ ಗೀಟು ಎಳೆದಳು. ಅಜ್ಜಿ ಗೀಟಿನ ಪಕ್ಕ ಕುಂಕುಮ ಇಟ್ಟಳು. ಎದುರುಮನೆಯವರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಕೂಗಿದರು:

"ಏನ್ರೀ ಹಾಲೇಶಣ್ಣ, ಎಲ್ಲಾರೂ ದೋಣಿನ ನೀರಾಗೆ ಬಿಡ್ತಾರೆ, ನೀವು ನೀರನ್ನ ದೋಣಿಯಾಗೆ ಬಿಡ್ತೀರಲ್ಲ!"

"ಮೊದ್ಲು ಪರಿಚಯ ಆಗ್ಲಿ ಬಿಡ್ರೀ," ಅಂದ ಅಪ್ಪ.

ಹನ್ನೊಂದರ ಹೊತ್ತಿಗೆ ಕೆಳಗಿನ ಮರಳು ಚೀಲಗಳು ಒದ್ದೆಯಾಗಿದ್ದವು. ಊಟದ ಹೊತ್ತಿಗೆ ನೀರು ಗೀಟಿಗಿಂತ ಎರಡು ಬೆರಳು ಕೆಳಗಿತ್ತು. ಅಪ್ಪ ಉಂಡು, ಜಗಲಿಯ ಮೇಲೆ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿದ. ಅಜ್ಜಿ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಒಳಗೆ ಅವ್ವನ ಹೊಲಿಗೆ ಮಿಷನ್ ಸದ್ದು ನಿಂತು ನಿಂತು ಬರುತ್ತಿತ್ತು. ದಾರ ಕಡಿಯುತ್ತಿರಬೇಕು ಅಂದುಕೊಂಡೆ. ಟವೆಲಿನ ಕೆಳಗಿನ ಅಪ್ಪನ ಮುಖ ಹೇಗಿರಬಹುದೆಂದು ಯೋಚಿಸಿ ನನಗೆ ತಡೆಯಲಾಗಲಿಲ್ಲ. ಹಂಡೆಯಿಂದ ಒಂದು ಕೊಡ ತುಂಬಿ, ಬೆಕ್ಕಿನಂತೆ ಹೆಜ್ಜೆ ಇಟ್ಟು, ದೋಣಿಗೆ ಹುಯ್ದೆ. ಬೆಕ್ಕಿನಂತೆ ಎಂದು ನಾನು ಅಂದುಕೊಂಡದ್ದು. ದಾರಿಯಲ್ಲಿ ಬಕೆಟ್ ಒದ್ದು, ಕೋಳಿಗಳನ್ನು ಓಡಿಸಿ, ಅರ್ಧ ಕೊಡವನ್ನು ನನ್ನ ಲಂಗದ ಮೇಲೆ ಸುರಿದುಕೊಂಡಿದ್ದೆ. ಹಾಗಿದ್ದರೂ ಯಾರೂ ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಸಂಜೆ ಬೀದಿಯವರೆಲ್ಲ ಸೇರಿದರು. ಅವ್ವ ಸೆರಗು ಸಿಕ್ಕಿಸಿಕೊಂಡು ಬಂದು ದೋಣಿಯೊಳಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಅಪ್ಪ ಬೇರೆಲ್ಲೋ ನೋಡುತ್ತಿದ್ದ.

"ರೀ."

"ಏನು?"

"ನಿಮ್ಮ ದೋಣಿ ಸೋರಲ್ಲ ಕಣ್ರಿ. ನೀರು ಹೆರ್ತೈತೆ."

ಎಲ್ಲರೂ ಬಗ್ಗಿ ನೋಡಿದೆವು. ಗೀಟು ಕಾಣಲೇ ಇಲ್ಲ. ಕುಂಕುಮವೂ ಮುಳುಗಿ ನೀರು ಕೆಂಪಗಾಗಿತ್ತು. ಬೆಳಿಗ್ಗೆಗಿಂತ ಮೂರು ಬೆರಳು ಮೇಲೆ ನೀರು ತಣ್ಣಗೆ ನಿಂತಿತ್ತು. ಅವ್ವ ಸೊಂಟದ ಮೇಲೆ ಕೈ ಇಟ್ಟು ವಿಚಾರಣೆಗೆ ನಿಂತಳು. ನನ್ನ ಒದ್ದೆ ಲಂಗವೇ ಸಾಕ್ಷಿ. ನಾನು ಕೂಡಲೇ ಒಪ್ಪಿಕೊಂಡೆ.

"ಅರ್ಧ ಕೊಡ ಅಷ್ಟೇ ಅವ್ವಾ, ಇನ್ನರ್ಧ ನಾನೇ ಹುಯ್ಕಂಡೆ!"

ಅಜ್ಜಿ ಕೆಮ್ಮಿದಳು. "ನಾನೊಂದು… ಗಿಂಡಿ ಹಾಕಿದ್ದೆ. ಶಾಸ್ತ್ರಕ್ಕೆ."

"ರೀ, ನೀವು?"

"ಒಂದು ಕೊಡ," ಅಂದ ಅಪ್ಪ, ಹೆಬ್ಬೆರಳಲ್ಲಿ ನೆಲ ಕೆರೆಯುತ್ತಾ. "ಮಲಗಾಕೆ ಮೊದ್ಲು."

ಬೀದಿಯವರು ನಕ್ಕು ನಕ್ಕು ಜಗಲಿ ಹಿಡಿದುಕೊಂಡರು. ಎದುರುಮನೆಯವರು ಮಾತ್ರ ಲೆಕ್ಕ ಹಾಕಿ, ಇವರೆಲ್ಲ ಹೇಳಿದ್ದನ್ನು ಕೂಡಿದರೂ ಇಷ್ಟು ನೀರು ಏರುವುದಿಲ್ಲವಲ್ಲ ಅಂದರು. ಲೆಕ್ಕಕ್ಕೆ ಸಿಗದ ನೀರೆಲ್ಲ ವಾಡಿಕೆಯಂತೆ ನನ್ನ ತಲೆಗೆ ಬಂತು. ಸುಳ್ಳಿ, ಎಷ್ಟು ಕೊಡ ಹಾಕಿದ್ಯೋ ಹೇಳೇ ಎಂದು ಎಲ್ಲರೂ ಮುಗಿಬಿದ್ದರು. ನಾನು ಅರ್ಧ ಕೊಡಕ್ಕಿಂತ ಜಾಸ್ತಿ ಹಾಕಿಲ್ಲ ಅಂದೆ, ಯಾರೂ ನಂಬಲಿಲ್ಲ. ಅವ್ವ ಮಾತ್ರ ನನ್ನನ್ನು ಬೈಯಲಿಲ್ಲ. ಗೆದ್ದಿತೋ ಸೋತಿತೋ ಎಂದೂ ತೀರ್ಪು ಕೊಡಲಿಲ್ಲ. ಒಳಗೆ ಹೋಗಿ ಮನೆಯ ಹೊದೆಯುವ ಕೌದಿಗಳನ್ನೆಲ್ಲ ಹೊತ್ತು ತಂದು ದೋಣಿಗೆ ಹಾಕಿ, ಸೋಪಿನ ಪುಡಿ ಉದುರಿಸಿ, ಸೀರೆ ಎತ್ತಿ ಕಟ್ಟಿಕೊಂಡು, ಒಂದು ಕಾಲು ಎತ್ತಿ ಒಳಗಿಟ್ಟಳು. ಆಮೇಲೆ ಇನ್ನೊಂದು. ಅಷ್ಟು ನೀರು ಸುಮ್ಮನೆ ಹೋಗುವುದನ್ನು ಜಗಳೂರಿನ ಜೀವ ನೋಡಿಕೊಂಡು ಇರುವುದಾದರೂ ಹೇಗೆ? ಮೊಣಕಾಲ ಹತ್ತಿರದವರೆಗೂ ನೊರೆಯಲ್ಲಿ ನಿಂತು, ಹಾಯಿಯ ಕಂಬ ಹಿಡಿದುಕೊಂಡು ಕೌದಿ ತುಳಿಯತೊಡಗಿದಳು. ಅಪ್ಪ ನೋಡುತ್ತಲೇ ಇದ್ದ.

"ತಿಪ್ಪಮ್ಮ," ಅಂದ ಮೆಲ್ಲಗೆ, "ದೋಣಿಯಾಗೆ ನಿಂತೀಯ."

"ತೊಟ್ಟಿಯಾಗೆ ನಿಂತೀನಿ. ಸುಮ್ನೆ ಆ ಕೌದಿ ತುದಿ ಹಿಂಡ್ರಿ."

ಭಾನುವಾರದವರೆಗೂ ದೋಣಿ ನೀರು ಕುಡಿಯುತ್ತಲೇ ಇತ್ತು. ಮರ ಉಬ್ಬಿ ಸಂದು ಬಿಗಿದು, ಚೀಲಗಳು ಒಣಗಿದವು; ಒಂದು ಕಡೆ ಮಾತ್ರ, ನಾನು ರಾಳ ಹಚ್ಚಿದ ಮೂಲೆಯಲ್ಲಿ, ಆಗೊಂದು ಈಗೊಂದು ಹನಿ. ಸೂಳೆಕೆರೆಯ ಹತ್ತಿರ ಟ್ರ್ಯಾಕ್ಟರಿನಿಂದ ದೋಣಿ ಇಳಿಸಿದಾಗ ಪೂಜೆಯ ತಕರಾರು ಶುರುವಾಯಿತು. ಹೊಸ ಗಾಡಿ ಎಂದ ಮೇಲೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಬೇಕಲ್ಲ? ಮಾವ ನಾಲ್ಕು ಹಣ್ಣು ಹಿಡಿದು ದೋಣಿಯ ಸುತ್ತ ಬಂದು, "ಇದರ ಗಾಲಿ ಎಲ್ಲೈತೆ ಹಾಲೇಶಿ?" ಅಂದ. ಕೊನೆಗೆ ನಿಂಬೆಹಣ್ಣಿನ ಪುಣ್ಯ ಟ್ರ್ಯಾಕ್ಟರಿಗೇ ಹೋಯಿತು. ತೆಂಗಿನಕಾಯಿಯನ್ನು ದೋಣಿಯ ಮೂತಿಗೆ ಒಡೆಯಲು ನಾನು ಕೈ ಎತ್ತಿದ್ದೆ. ಅಜ್ಜಿ ನನ್ನ ಜಡೆ ಹಿಡಿದು ಎಳೆದಳು. "ಮೂತಿ ಮ್ಯಾಲೆ ಒಡೆದ್ರೆ ಮೂತಿನೇ ಒಡೀತೈತೆ ಮಂಗ್ಯಾ, ಕಲ್ಲಿಗೆ ಒಡಿ."

ಅವ್ವ ದಂಡೆಯ ಮೇಲೆ ನಿಂತಿದ್ದಳು. ನೋಡಲು ಬಂದಿದ್ದೇನೆ ಎಂದಷ್ಟೇ ಹೇಳಿದ್ದಳು. ಮುಂದೆ ಕೆರೆ, ಗುಡ್ಡಗಳ ಬುಡದವರೆಗೂ ನೀರು. ಅವಳ ಕೈಚೀಲದ ಹಿಡಿ ಬಿಗಿಯಾಗುತ್ತಾ ಹೋದದ್ದನ್ನು ನಾನು ನೋಡಿದೆ. ಅಪ್ಪ ಮಂಡಿಯುದ್ದ ನೀರಲ್ಲಿ ದೋಣಿ ಹಿಡಿದುಕೊಂಡು ನಿಂತ. ಬಾ ಎಂದು ಕರೆಯಲಿಲ್ಲ. ಕರೆದರೆ ಬಾರದೇ ಹೋದಾಳು ಎಂದೋ, ಅವತ್ತಿನ ನಗು ನೆನಪಾಗಿಯೋ. ಮಜ್ಜಿಗೆ ಲೋಟ ಇದ್ದಿದ್ದರೆ ಚೆಲ್ಲಿಕೊಳ್ಳುತ್ತಿದ್ದೆ. ಆಗ ಅತ್ತೆ, ಕೆಟ್ಟ ಮನಸ್ಸಿನಿಂದಲ್ಲ, ರೂಢಿಯ ಮೇಲೆ ಕೇಳಿದಳು:

"ಯಾಕೆ ತಿಪ್ಪಮ್ಮ, ಇವತ್ತೂ ನಿಂಗೆ ಚೊಂಬಾಗೆ ನೀರು ತಂದುಕೊಡ್ಲೇನು?"

ಅವ್ವ ಚೀಲಕ್ಕೆ ಕೈ ಹಾಕಿದಳು. ಮನೆಯ ಹಿತ್ತಾಳೆ ಚೊಂಬು ಹೊರಗೆ ಬಂತು, ಹುಣಸೆಹಣ್ಣು ಹಚ್ಚಿ ಬೆಳಗಿದ್ದು.

"ಬ್ಯಾಡ ಅಕ್ಕ. ಚೊಂಬು ನಾನೇ ತಂದೀನಿ."

ಹಾಗೆಂದವಳೇ ಸೀರೆ ಎತ್ತಿ ನೀರಿಗೆ ಇಳಿದಳು. ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪನ ಹೆಗಲು ಸಿಕ್ಕಿದ ಮೇಲೆ ಕಣ್ಣು ತೆರೆದು, ಕೌದಿ ತುಳಿಯಲು ಹತ್ತಿದ ಹಾಗೇ ಒಂದು ಕಾಲು, ಆಮೇಲೆ ಇನ್ನೊಂದು ಇಟ್ಟು ದೋಣಿ ಹತ್ತಿ ಕೂತಳು. ಹಿಂದೆಯೇ ನಾನೂ ಹತ್ತಿದೆ. ಮುಳುಗದಿರಲಿ ಎಂದು ಮಾವ ನಮ್ಮಿಬ್ಬರ ಸೊಂಟಕ್ಕೂ ಖಾಲಿ ಎಣ್ಣೆ ಕ್ಯಾನ್ ಕಟ್ಟಿದ. ನಾವು ಕಿರಾಣಿ ಅಂಗಡಿಯ ಹಾಗೆ ಕಾಣುತ್ತಿದ್ದೆವು. ಅಜ್ಜಿ ದಂಡೆಯಿಂದ ಕೈ ಮುಗಿದು, "ಜಗಳೂರಿನ ಮಾನ ಕಳೀಬ್ಯಾಡ್ರೇ," ಎಂದು ಕೂಗಿದಳು. ಅಪ್ಪ ದೋಣಿ ಹತ್ತಿ ಹಾಯಿಯ ಹಗ್ಗ ಎಳೆದ. ಶಾಮಿಯಾನದ ಹಾಯಿ ಎರಡು ಸಲ ಪಟಪಟ ಬಡಿದುಕೊಂಡು, ಆಮೇಲೆ ತುಂಬಿಕೊಂಡಿತು. ಅವ್ವ ಬ್ಲೌಸಿಗೆ ಹಾಕುವ ಹಾಗೆ ಅದಕ್ಕೂ ಡಾರ್ಟ್, ಅಂದರೆ ಉಬ್ಬಿಗೆ ಸರಿಯಾಗಿ ಕೂರುವ ಮಡಿಕೆ, ಹಾಕಿದ್ದಳು. ಗಾಳಿ ಅದರೊಳಗೆ ಹೇಳಿ ಹೊಲಿಸಿದಂತೆ ಕೂತಿತು. ದೋಣಿ ಸುತ್ತಲಿಲ್ಲ. ನೆಟ್ಟಗೆ ಹೊರಟಿತು. ನಾನು ಹಾರ್ನ್ ಒತ್ತಿದೆ, ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಏರಿಯ ಮೇಲೆ ಹೋಗುತ್ತಿದ್ದ ಯಾರೋ ಬೈಕು ನಿಲ್ಲಿಸಿ, ಕೆಂಪು ಹಳದಿ ಜಾಲರಿ ನೋಡಿ ಕೂಗಿದರು:

"ಯಾರ ಮದುವೆ ರೀ ಅದು?"

"ನಮ್ಮ ಹಾಲೇಶಂದು!" ದಂಡೆಯಿಂದ ಮಾವನ ಉತ್ತರ.

"ಎಷ್ಟನೇದು?"

"ಮೊದಲನೇದೇ, ಇನ್ನೊಂದ್ಸಲ!"

ಸ್ವಲ್ಪ ದೂರ ಹೋದ ಮೇಲೆ ನನ್ನ ಕಾಲ್ಬೆರಳು ತಣ್ಣಗಾಯಿತು. ನೋಡಿದರೆ ನನ್ನ ಮೂಲೆಯಿಂದ ನೀರು ಬಂದು ತಳದಲ್ಲಿ ತೆಳ್ಳಗೆ ಹರಡಿತ್ತು. ನಾನು, "ಸೋರ್ತೈತೆ! ಸತ್ವಿ!" ಎಂದು ಕಿರುಚಿದ್ದು ಜಗಳೂರಿಗೂ ಕೇಳಿರಬೇಕು. ಅಪ್ಪನ ಮುಖ ಬಿಳಿಚಿತು. ಅವನು ನೀರನ್ನು ನೋಡಲಿಲ್ಲ, ಅವ್ವನನ್ನು ನೋಡಿದ. ಅವ್ವ ಮಾತ್ರ ಚೊಂಬು ತೆಗೆದು, ಬಗ್ಗಿ, ನೀರು ತುಂಬಿಕೊಂಡಳು. ಮೊದಲ ಚೊಂಬನ್ನು ಹೊರಗೆ ಎಸೆಯಲು ಅವಳಿಗೆ ಕೈ ಬರಲಿಲ್ಲ. ಗಿಡದ ಬುಡಕ್ಕೆ ಹುಯ್ಯುವ ಹಾಗೆ ಮೆಲ್ಲಗೆ ಕೆರೆಗೆ ಹುಯ್ದಳು. ಎರಡನೆಯದೂ ಹಾಗೇ. ಮೂರನೆಯದನ್ನು ಬೀಸಿ ಎಸೆದಳು. ಅದು ಬಿಸಿಲಲ್ಲಿ ಹರಡಿ ಬಿತ್ತು. ಅವಳು ಅದನ್ನು ನೋಡಿ, ಮತ್ತೊಂದು ತುಂಬಿ, ಇನ್ನೂ ದೂರ ಎಸೆದಳು. ಎಸೆಯುತ್ತಲೇ ಹೇಳಿದಳು:

"ಗೊತ್ತಿತ್ತು ಬಿಡೇ ಸೋರ್ತೈತೆ ಅಂತ. ಅದಕ್ಕೇ ಚೊಂಬು ತಂದಿದ್ದು. ಅವತ್ತು ಲೆಕ್ಕಕ್ಕೆ ಸಿಗದಿದ್ದ ನೀರು ನಂದೇ."

"ನಿಂದಾ?" ಅಂದ ಅಪ್ಪ. ಹಗ್ಗ ಅವನ ಕೈಯಿಂದ ಜಾರಿತು, ಹಾಯಿ ಪಟಪಟ ಅಂದಿತು.

"ಮತ್ತೆ? ಗಳಿಗೆಗೊಂದ್ಸಲ ಮಿಷನ್ ಬಿಟ್ಟು ಎದ್ದು ಎದ್ದು ಸಾಕಾತು ನಂಗೆ. ಇಳೀತಾನೇ ಇತ್ತು ದರಿದ್ರದ್ದು. ಹಗ್ಗ ಹಿಡ್ಕಳ್ರಿ ಮೊದ್ಲು."

ಅಪ್ಪ ಹಗ್ಗ ಹಿಡಿದುಕೊಂಡ. ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಹೆಗಲಿಗೆ ಒರೆಸಿಕೊಂಡ. ನಾನು ಹಾರ್ನ್ ಒತ್ತುವುದನ್ನೂ ಮರೆತು ಕೂತಿದ್ದೆ. ಅವ್ವ ಕೆರೆಯ ನಡುವೆ, ಜೀವಮಾನದಲ್ಲಿ ಮೊದಲ ಸಲ, ಹೊನ್ನಾಳಿಯವರ ಹಾಗೆ ನೀರು ಚೆಲ್ಲುತ್ತಿದ್ದಳು, ದಂಡೆಗೆ ವಾಪಸು ಬರುವವರೆಗೂ. ಕೊನೆಯ ಚೊಂಬು ಮಾತ್ರ ಚೆಲ್ಲಲಿಲ್ಲ. ಟ್ರ್ಯಾಕ್ಟರಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಚೊಂಬಿನ ಬಾಯಿಗೆ ಸೆರಗು ಮುಚ್ಚಿ, ಒಂದು ಹನಿ ತುಳುಕದ ಹಾಗೆ ಮನೆಗೆ ತಂದು ಕರಿಬೇವಿನ ಗಿಡಕ್ಕೆ ಹಾಕಿದಳು. ಆಮೇಲೆ ಅಲ್ಲೇ ನಿಂತಳು, ಗಿಡ ಪೂರ್ತಿ ಕುಡಿಯಿತೋ ಇಲ್ಲವೋ ಎಂದು ನೋಡುತ್ತಾ. ಅಪ್ಪನೂ ಹೋಗಿ ಪಕ್ಕದಲ್ಲಿ ನಿಂತು ನೋಡಿದ.